ಶ್ವಾಸಮಾರ್ಗದ ಪುನರ್ನಿರ್ಮಾಣ

ಶ್ವಾಸಮಾರ್ಗದ ಪುನರ್ನಿರ್ಮಾಣ : ಧ್ವನಿಪೆಟ್ಟಿಗೆ, ಶ್ವಾಸನಾಳ ಇಲ್ಲವೆ ಅವುಗಳಿಗೆ ಅಂಟಿಕೊಂಡ ಅವಯವಗಳಲ್ಲಿ ಹುಟ್ಟಿದ ಅರ್ಬುದವನ್ನು ಬೇರುಸಹಿತ ಛೇದಿಸಿ ತೆಗೆದ ತರುವಾಯ, ಉಸಿರು ಹೋಗಿಬರುವ ದಾರಿಯನ್ನು ಕುಸಿಯದಂತೆಯೂ, ಸೋರದಂತೆಯೂ, ಅನ್ನಮಾರ್ಗದೊಡನೆ ಬೆರೆಯದಂತೆಯೂ ಮರಳಿ ಕಟ್ಟಿಕೊಡುವ ಶಸ್ತ್ರವೈದ್ಯವಿಧಾನಗಳ ಸಮುದಾಯ. ಗಡ್ಡೆಯನ್ನು ತೆಗೆಯುವುದು ಈ ಚಿಕಿತ್ಸೆಯ ಅರ್ಧಭಾಗವಷ್ಟೆ. ಉಸಿರಾಡುವುದು, ನುಂಗುವುದು, ಮಾತನಾಡುವುದು ಎಂಬ ಮೂರು ವ್ಯಾಪಾರಗಳೂ ಕುತ್ತಿಗೆಯ ಒಂದು ಗೇಣಿನೊಳಗೆ ಒಂದನ್ನೊಂದು ಹಾಯ್ದುಹೋಗುವುದರಿಂದ, ಅಲ್ಲಿ ಕತ್ತಿಯಾಡಿಸಿದ ವೈದ್ಯನು ಮೊದಲೆರಡನ್ನು ಉಳಿಸಿ ಮೂರನೆಯದಕ್ಕೆ ಬೇರೊಂದು ದಾರಿಯನ್ನು ಹುಡುಕಿಕೊಡಬೇಕಾದ ಪ್ರಸಂಗ ಪದೇಪದೇ ಒದಗುವುದು.

ಪ್ರೌಢ ಮನುಷ್ಯನ ಶ್ವಾಸನಾಳವು ಸುಮಾರು 11 ಸೆಂ.ಮೀ. ಉದ್ದವಾಗಿದ್ದು, 18ರಿಂದ 22ರವರೆಗಿನ ಮೃದ್ವಸ್ಥಿಯ ಬಳೆಗಳಿಂದ ಬಲಗೊಂಡಿದೆ. ಈ ಬಳೆಗಳು ಪೂರ್ಣವೃತ್ತಗಳಲ್ಲ. ಉತ್ತರ ಕನ್ನಡದ ತೋಟಿಗರು ನೀರು ಹಾಯಿಸಲೆಂದು ಸೀಳಿ ಇಡುತ್ತಿದ್ದ ಅಡಕೆ ಮರದ ದಬ್ಬೆಯಂತೆ ಒಂದು ಮಗ್ಗುಲು ತೆರೆದಿದ್ದು, ಆ ತೆರೆದ ಹಿಂಭಾಗವನ್ನು ಮೃದುವಾದ ಸ್ನಾಯುಪೊರೆಯೊಂದು ಮುಚ್ಚಿಕೊಂಡಿದೆ. ಅದಕ್ಕೆ ಬೆನ್ನು ತಾಗಿಸಿಕೊಂಡೇ ಅನ್ನನಾಳವು ಇಳಿಯುತ್ತದೆ. ಧ್ವನಿಪೆಟ್ಟಿಗೆಯ ತಳದಲ್ಲಿರುವ ಕ್ರಿಕಾಯ್ಡ್ ಎಂಬ ಮೃದ್ವಸ್ಥಿಯೊಂದೇ ಇಡೀ ಶ್ವಾಸಮಾರ್ಗದಲ್ಲಿ ಪೂರ್ಣವಾದ ಉಂಗುರ. ನಾಳದ ಒಳಮೈಯಲ್ಲಿ ಅತಿಸೂಕ್ಷ್ಮವಾದ ರೋಮಗಳಿದ್ದು, ಅವು ಹಗಲಿರುಳೂ ಕಫವನ್ನು ಮೇಲ್ಮುಖವಾಗಿ ಸಾಗಿಸುತ್ತಿರುವುವು. ರಕ್ತವಾದರೋ ಒಂದು ದೊಡ್ಡ ಧಮನಿಯಿಂದ ಬಾರದೆ, ಎರಡು ಪಾರ್ಶ್ವಗಳಿಂದಲೂ ಸಣ್ಣ ಸಣ್ಣ ಕವಲುಗಳಾಗಿ ತುಂಡುತುಂಡಾಗಿ ಬಂದು ಸೇರುತ್ತದೆ. ಗಡಸುತನ, ನಮ್ಯತೆ, ರೋಮಗಳಿಂದ ಕೂಡಿದ ಒಳಪೊರೆ, ಪಾರ್ಶ್ವದಿಂದ ಬರುವ ರಕ್ತ ಎಂಬ ಈ ನಾಲ್ಕು ಗುಣಗಳೂ ಒಟ್ಟಾಗಿ ಇರುವ ಮತ್ತೊಂದು ಅವಯವ ಶರೀರದಲ್ಲಿ ಎಲ್ಲಿಯೂ ಇಲ್ಲ. ಕರುಳನ್ನು ಕರುಳಿನಿಂದಲೂ, ಚರ್ಮವನ್ನು ಚರ್ಮದಿಂದಲೂ ತುಂಬಿಕೊಡಬಲ್ಲ ಶಸ್ತ್ರವೈದ್ಯವು ಶ್ವಾಸನಾಳದ ಮುಂದೆ ಬಂದು ಒಂದು ಶತಮಾನಕ್ಕೂ ಮಿಕ್ಕಿ ತಡವರಿಸಿದುದಕ್ಕೆ ಇದೇ ಕಾರಣ.

ಶ್ವಾಸನಾಳದಲ್ಲಿಯೇ ಮೊದಲಾಗಿ ಹುಟ್ಟುವ ಗಡ್ಡೆಗಳು ಅಪರೂಪ. ಅವುಗಳ ಪೈಕಿ ಸ್ಕ್ವಾಮಸ್ ಕಾರ್ಸಿನೋಮ ಮತ್ತು ನಿಧಾನವಾಗಿ ನರಗಳ ಗುಂಟ ಹರಿಯುವ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಎಂಬ ಎರಡೇ ಬಹುಪಾಲನ್ನು ಆಕ್ರಮಿಸಿವೆ. ಧ್ವನಿಪೆಟ್ಟಿಗೆಯ ಮತ್ತು ಅದರ ಹಿಂದಣ ಗಂಟಲಿನ ಅರ್ಬುದಗಳು ಮಾತ್ರ ನಮ್ಮ ದೇಶದಲ್ಲಿ ಬಹಳ ಸಾಮಾನ್ಯ. ಬೀಡಿ, ಸಿಗರೇಟು, ಮದ್ಯ, ಹೊಗೆಸೊಪ್ಪು ಇವೇ ಅವುಗಳ ಮುಖ್ಯ ಕಾರಣಗಳು. ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಅತಿಥಿಯ ಮುಂದೆ ಮೊದಲು ಬರುವುದು ಕವಳದ (ಎಲೆಯಡಕೆಯ) ತಟ್ಟೆ. ಊಟವಾದ ಮೇಲೂ ಕವಳ, ತೋಟದ ಕೆಲಸದ ನಡುವೆಯೂ ಕವಳ, ದೋಣಿಯಿಂದ ಇಳಿದ ಮೇಲೂ ಕವಳ. ಅಡಕೆಯಾದರೋ ಇಲ್ಲಿಯ ಕುಟುಂಬಗಳ ಅನ್ನವೂ ಹೌದು, ಆಚಾರವೂ ಹೌದು. ಆದರೂ ಹೇಳಲೇಬೇಕಾದುದು ಇಷ್ಟು: ಅಂತಾರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಕೆಯನ್ನು, ತಂಬಾಕು ಸೇರದಿದ್ದರೂ ಕೂಡ, ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಇರಿಸಿದೆ. ಅದರ ಮುಖ್ಯ ಹಾನಿ ಬಾಯಿಗೂ ಅನ್ನಮಾರ್ಗಕ್ಕೂ ತಟ್ಟುವಂಥದು; ಹೊಗೆಸೊಪ್ಪು ಬೆರೆತಾಗ ಗಂಟಲಿನ ಕೆಳಭಾಗಕ್ಕೂ ಇಳಿಯುವುದು. ಧ್ವನಿಪೆಟ್ಟಿಗೆಗೆ ಅತ್ಯಂತ ದೊಡ್ಡ ಶತ್ರು ಸೇದುವ ಹೊಗೆಯೇ.

ಈ ಪ್ರದೇಶದಲ್ಲಿ ರೋಗದ ಮೊದಲ ಸೂಚನೆಯು ಅಲಕ್ಷಿತವಾಗುವುದಕ್ಕೆ ಸ್ಥಳೀಯವಾದ ಒಂದು ಕಾರಣವನ್ನೂ ಇಲ್ಲಿ ನೆನೆಯಬಹುದು. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಿಂದ ಮೊದಲ್ಗೊಂಡು ಊರೂರಿನ ತಾಳಮದ್ದಲೆಯ ಕೂಟಗಳವರೆಗೆ, ಸ್ವರವನ್ನೂ ಅರ್ಥಗಾರಿಕೆಯನ್ನೂ ಇಷ್ಟು ಪ್ರೀತಿಯಿಂದ ಸಾಕಿಕೊಂಡು ಬಂದ ಸೀಮೆಗಳು ವಿರಳ. ಇರುಳೆಲ್ಲ ಹಾಡಿದವನ, ಪಾತ್ರವಹಿಸಿದವನ ಸ್ವರ ಬೆಳಿಗ್ಗೆ ಕೂರುವುದು ಸಹಜವೇ ಆದುದರಿಂದ, ಒಮ್ಮೆ ಕೂತ ಸ್ವರ ಏಳದೆ ಹೋದಾಗಲೂ ಅದನ್ನು ದಣಿವಿನ ಲೆಕ್ಕಕ್ಕೇ ಬರೆದು, ಕಾಳುಮೆಣಸಿನ ಕಷಾಯದಲ್ಲಿ ದಿನಗಳನ್ನು ನೂಕುವುದುಂಟು. ಮೂರು ವಾರಗಳಿಗೆ ಮೀರಿದ ಸ್ವರಭಂಗವನ್ನು, ವಿಶೇಷವಾಗಿ ಬೀಡಿ ಸೇದುವವರಲ್ಲಿ, ಗಂಟಲುತಜ್ಞರು ದರ್ಶಕವನ್ನಿಳಿಸಿ ನೋಡಲೇಬೇಕು. ಶ್ವಾಸನಾಳದ ಗಡ್ಡೆಯ ಮಾತು ಇನ್ನೂ ಕಷ್ಟದ್ದು. ನಾಳದ ಒಳಹರವು ಸುಮಾರು 8 ಮಿ.ಮೀ.ಗೆ ಇಳಿಯುವ ತನಕ ರೋಗಿಗೆ ಏನೂ ತಿಳಿಯದು. ಆಮೇಲೆ ಗುಡ್ಡ ಹತ್ತುವಾಗ ಉಬ್ಬಸ, 5 ಮಿ.ಮೀ.ಗೆ ಇಳಿದರೆ ಕೂತಲ್ಲಿಯೇ ಉಬ್ಬಸ. ಇದನ್ನು ದಮ್ಮೆಂದು ಬಗೆದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಮದ್ದು ಕುಡಿದವರ ವೃತ್ತಾಂತಗಳು ಜಗತ್ತಿನ ಎಲ್ಲ ದೇಶಗಳ ವೈದ್ಯಗ್ರಂಥಗಳಲ್ಲಿಯೂ ಬರುತ್ತವೆ.

ಪುನರ್ನಿರ್ಮಾಣದ ಮೂಲಸೂತ್ರವು ಭಾರತೀಯರಿಗೆ ಪರಕೀಯವಾದುದಲ್ಲ. ಕಡಿದುಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆಯು ವಿವರಿಸಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಡೆಯ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನು ಟಿಪ್ಪು ಸುಲ್ತಾನನ ಸೈನಿಕರಿಗೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡನು. ಪುಣೆಯ ಕಡೆಯ ದೇಶೀಯ ವೈದ್ಯನೊಬ್ಬನು ಹಣೆಯ ಚರ್ಮವನ್ನು ತೊಟ್ಟುಸಹಿತ ಕೆಳಗೆ ತಿರುಗಿಸಿ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟ ವೃತ್ತಾಂತವು 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಚಿತ್ರಸಮೇತ ಅಚ್ಚಾದ ಮೇಲೆ ಯುರೋಪಿನ ಶಸ್ತ್ರವೈದ್ಯರ ಕಣ್ಣು ತೆರೆಯಿತು. ಆ ಹಣೆಯ ಚರ್ಮವು ಬದುಕಿದುದು ತೊಟ್ಟಿನ ಮೂಲಕ ಹರಿದ ರಕ್ತದಿಂದ. ರಕ್ತವಿಲ್ಲದ ಅಂಗಾಂಶವನ್ನು ಎಷ್ಟು ಚೆಲುವಾಗಿ ಹೊಲಿದರೂ ಅದು ಕೊಳೆಯುವುದು ಎಂಬ ಈ ಸತ್ಯವನ್ನು ಮರೆತಾಗಲೆಲ್ಲ ಶ್ವಾಸಮಾರ್ಗದ ಶಸ್ತ್ರವೈದ್ಯವು ರೋಗಿಗಳ ಪ್ರಾಣವನ್ನು ತೆತ್ತಿದೆ. ಮುಂದೆ ಬರುವ ಇತಿಹಾಸವೆಲ್ಲವೂ ಇದೇ ಪಾಠದ ವಿಸ್ತರಣೆ.

ಅರ್ಬುದಕ್ಕಾಗಿ ಇಡೀ ಧ್ವನಿಪೆಟ್ಟಿಗೆಯನ್ನು ತೆಗೆದ ಪ್ರಥಮ ಶಸ್ತ್ರಕ್ರಿಯೆಯ ಕೀರ್ತಿ ವಿಯೆನ್ನಾದ ಥಿಯೊಡೋರ್ ಬಿಲ್‌ರೋತ್‌ಗೆ ಸಲ್ಲುವುದು. ದಿನ 1873ರ ಡಿಸೆಂಬರ್ 31. ಅವನ ಸಹಾಯಕ ಗುಸ್ಸೆನ್‌ಬಾವರ್ ಆ ರೋಗಿಗಾಗಿ ಒಂದು ಕೃತಕ ಧ್ವನಿಯಂತ್ರವನ್ನೂ ಮಾಡಿದನು. ಆ ಕಾಲದ ರೋಗಿಗಳಲ್ಲಿ ಬಹುಮಂದಿಯನ್ನು ಕೊಂದುದು ಎಂಜಲೂ ಆಹಾರವೂ ಪುಪ್ಪುಸಗಳಿಗೆ ಇಳಿದು ಬರುತ್ತಿದ್ದ ಸೋಂಕು. ಹತ್ತೊಂಬತ್ತನೆಯ ಶತಮಾನದ ಅಂತ್ಯಕ್ಕೆ ಬರ್ಲಿನ್ನಿನ ಗ್ಲುಕ್ ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಚರ್ಮಕ್ಕೇ ಹೊಲಿದು, ಗಂಟಲನ್ನು ಪ್ರತ್ಯೇಕವಾಗಿ ಮುಚ್ಚಿ, ಉಸಿರಿನ ದಾರಿಯನ್ನೂ ಅನ್ನದ ದಾರಿಯನ್ನೂ ಎಂದೆಂದಿಗೂ ಬೇರ್ಪಡಿಸುವ ಕ್ರಮವನ್ನು ರೂಢಿಗೆ ತಂದನು. ಸಂಪೂರ್ಣ ಧ್ವನಿಪೆಟ್ಟಿಗೆಯ ಛೇದನವಾದ ಮೇಲೆ ಇಂದಿಗೂ ಅನುಸರಿಸುತ್ತಿರುವ ಪುನರ್ನಿರ್ಮಾಣ ಇದೇ; ಅದರ ಸರಳತೆಯಲ್ಲಿಯೇ ಅದರ ಶ್ರೇಷ್ಠತೆಯಿದೆ ಎಂದು ಹೇಳಬೇಕು.

ಶ್ವಾಸನಾಳದ ಕಥೆ ಇಷ್ಟು ಬೇಗ ಮುಗಿಯಲಿಲ್ಲ. ಜರ್ಮನಿಯ ಕ್ಯುಸ್ಟರ್ 1880ರ ದಶಕದಲ್ಲಿಯೇ ಕುತ್ತಿಗೆಯ ಶ್ವಾಸನಾಳದ ಒಂದು ತುಂಡನ್ನು ತೆಗೆದು ಎರಡು ತುದಿಗಳನ್ನೂ ಒಂದಕ್ಕೊಂದು ಹೊಲಿದಿದ್ದನು. ಆದರೆ ಎರಡು ಸೆಂಟಿಮೀಟರಿಗಿಂತ ಹೆಚ್ಚಿನ ಭಾಗವನ್ನು ತೆಗೆದರೆ ತುದಿಗಳು ಮತ್ತೆ ಕೂಡಲಾರವು ಎಂಬ ನಂಬಿಕೆ 1950ರ ಸುಮಾರಿನವರೆಗೂ ಪ್ರಬಲವಾಗಿದ್ದುದರಿಂದ, ಅದಕ್ಕೂ ಉದ್ದವಾದ ಗಡ್ಡೆಯುಳ್ಳವರಿಗೆ ಲೋಹದ ಬಲೆ, ಗಾಜು, ಪ್ಲಾಸ್ಟಿಕ್ಕುಗಳ ಕೊಳವೆಗಳನ್ನು ಕೂರಿಸಿ ನೋಡುವ ಪ್ರಯತ್ನಗಳು ನಡೆದು, ಬಹುಮಟ್ಟಿಗೆ ಎಲ್ಲವೂ ಸೋಂಕು, ರಕ್ತಸ್ರಾವ, ಸಂಕೋಚಗಳಲ್ಲಿ ಕೊನೆಗೊಂಡವು. ಆ ನಂಬಿಕೆಯನ್ನು ಒಡೆದವರಲ್ಲಿ ಅಗ್ರಗಣ್ಯರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಹರ್ಮೀಸ್ ಗ್ರಿಲ್ಲೊ. ಶವಗಳ ಮೇಲೆ ಶ್ರಮಪಟ್ಟು ಅಳತೆಗಳನ್ನು ಮಾಡಿ ಮಲ್ಲಿಕೆನ್ ಎಂಬವರೊಡನೆ 1968ರಲ್ಲಿ ಅವರು ಪ್ರಕಟಿಸಿದ ಅಧ್ಯಯನವು, ಕುತ್ತಿಗೆಯನ್ನು ಮುಂದಕ್ಕೆ ಬಗ್ಗಿಸಿ ನಾಳವನ್ನು ಸುತ್ತಲಿನ ಬಂಧಗಳಿಂದ ಹದವಾಗಿ ಬಿಡಿಸಿದರೆ ಪ್ರೌಢರಲ್ಲಿ ಸುಮಾರು ಅರ್ಧದಷ್ಟನ್ನು ತೆಗೆದೂ ತುದಿಗಳನ್ನು ಕೂಡಿಸಬಹುದೆಂದು ತೋರಿಸಿತು. ಹೊಸ ವಸ್ತುವೊಂದನ್ನು ಹುಡುಕುವುದಕ್ಕಿಂತ, ಇರುವ ನಾಳವನ್ನೇ ಅರಿತು ಅದರ ಸ್ವಭಾವವನ್ನು ಅನುಸರಿಸಿದುದು ಇಲ್ಲಿಯ ಸಾಧನೆ.

ಆ ಶಸ್ತ್ರಕ್ರಿಯೆಯ ಕ್ರಮವು ಸಾಮಾನ್ಯ ವಾಚಕರಿಗೂ ತಿಳಿದಿರತಕ್ಕದ್ದಾಗಿದೆ. ಉಳಿದ ಶಸ್ತ್ರಕ್ರಿಯೆಗಳಲ್ಲಿ ಅರಿವಳಿಕೆಯ ತಜ್ಞರಿಗೆ ಶ್ವಾಸನಾಳ ಮೀಸಲಾಗಿರುವುದು. ಇಲ್ಲಿ ಅದೇ ನಾಳವು ಕತ್ತರಿಸಲ್ಪಡುವುದರಿಂದ ಅವರೂ ಶಸ್ತ್ರವೈದ್ಯರೂ ಒಂದೇ ದಾರಿಯನ್ನು ಹಂಚಿಕೊಳ್ಳಬೇಕು. ಗಡ್ಡೆಯ ಕೆಳಗೆ ನಾಳವನ್ನು ಛೇದಿಸಿದೊಡನೆಯೆ, ಶುದ್ಧೀಕರಿಸಿದ ಮತ್ತೊಂದು ಕೊಳವೆಯನ್ನು ಶಸ್ತ್ರವೈದ್ಯರೇ ತಮ್ಮ ಕೈಯಿಂದ ಕೆಳತುದಿಗೆ ತೂರಿಸಿ, ಅದರ ಮೂಲಕ ರೋಗಿಯ ಉಸಿರನ್ನು ನಡೆಸುತ್ತಾರೆ. ಹಿಂಬದಿಯ ಹೊಲಿಗೆಗಳು ಮುಗಿದ ಮೇಲೆ ಬಾಯಿಂದ ಬಂದ ಕೊಳವೆಯನ್ನು ಹೊಲಿಗೆಯಾಚೆಗೆ ಇಳಿಸಿ ಮುಂಬದಿಯನ್ನು ಮುಚ್ಚುತ್ತಾರೆ. ತಾನಾಗಿಯೇ ಕರಗುವ ನೂಲನ್ನು ಬಳಸಿ, ಗಂಟುಗಳು ನಾಳದ ಹೊರಗೇ ಉಳಿಯುವಂತೆ ಕಟ್ಟುವರು. ಪಾರ್ಶ್ವಗಳ ರಕ್ತನಾಳಗಳನ್ನು ಅಗತ್ಯಕ್ಕಿಂತ ಹೆಚ್ಚು ಬಿಡಿಸಬಾರದು; ಧ್ವನಿತಂತುಗಳಿಗೆ ಹೋಗುವ ನರಗಳು ನಾಳದ ಎರಡು ಬದಿಗಳಲ್ಲಿಯೇ ಸಾಗುವುದರಿಂದ ಅವುಗಳನ್ನು ಕಾಯಬೇಕು. ಕೊನೆಯಲ್ಲಿ ಗಲ್ಲದಿಂದ ಎದೆಯ ಮೇಲ್ಭಾಗಕ್ಕೆ ಬಲವಾದ ಒಂದು ಹೊಲಿಗೆಯನ್ನು ಹಾಕಿ, ಸುಮಾರು ಒಂದು ವಾರ ರೋಗಿಯು ತಲೆಯನ್ನು ಹಿಂದಕ್ಕೆ ಎತ್ತದಂತೆ ನೋಡಿಕೊಳ್ಳುವುದುಂಟು. ತಲೆ ತಗ್ಗಿಸಿಕೊಂಡು ಕಳೆಯುವ ಆ ದಿನಗಳು ರೋಗಿಗೂ, ಬಳಿಯಲ್ಲಿ ಕೂತ ಬಂಧುಗಳಿಗೂ ಕಠಿಣವಾದುವು; ಮೊದಲೇ ತಿಳಿಸಿ ಹೇಳಿದ್ದರೆ ಅವರು ಧೈರ್ಯವಾಗಿ ಸಹಿಸುವರು.

ಗುರಾಣಿಗ್ರಂಥಿಯ (ಥೈರಾಯ್ಡ್) ಅರ್ಬುದವು ಶ್ವಾಸನಾಳಕ್ಕೆ ಅಂಟಿಕೊಂಡಾಗ ಮೇಲ್ಪದರವನ್ನು ಹೆರೆದು ತೆಗೆಯುವುದು, ಒಳಹೊಕ್ಕಿದ್ದರೆ ಕಿಟಕಿಯಂತೆ ಇಲ್ಲವೆ ಪೂರ್ಣ ಸುತ್ತಳತೆಯಲ್ಲಿ ತುಂಡನ್ನು ತೆಗೆದು ಕೂಡಿಸುವುದು ರೂಢಿ. ಧ್ವನಿಪೆಟ್ಟಿಗೆಯ ಅರ್ಬುದ ಆರಂಭದ ಹಂತದಲ್ಲಿದ್ದರೆ ಲೇಸರ್ ಅಥವಾ ವಿಕಿರಣ ಚಿಕಿತ್ಸೆಯಿಂದಲೇ ಗುಣವಾಗಬಲ್ಲುದು. ಮಧ್ಯಮ ಹಂತದ ಆಯ್ದ ರೋಗಿಗಳಲ್ಲಿ ಪೆಟ್ಟಿಗೆಯ ಒಂದು ಭಾಗವನ್ನು ಉಳಿಸಿ, ಕ್ರಿಕಾಯ್ಡ್ ಉಂಗುರವನ್ನು ನಾಲಿಗೆಯ ಬುಡದ ಎಲುಬಿಗೆ ಎತ್ತಿ ಕಟ್ಟಿ, ಕುತ್ತಿಗೆಯಲ್ಲಿ ಶಾಶ್ವತವಾದ ರಂಧ್ರವಿಲ್ಲದಂತೆ ಮಾಡಬಹುದು. ಮೃದ್ವಸ್ಥಿಯನ್ನು ಭೇದಿಸಿ ಹೊರಬಂದ ರೋಗಕ್ಕೆ ಸಾಮಾನ್ಯವಾಗಿ ಸಂಪೂರ್ಣ ಛೇದನವೇ ಗತಿ.

ಗಂಟಲಿನ ಗೋಡೆಯೂ ರೋಗಗ್ರಸ್ತವಾಗಿ ಅದನ್ನೂ ತೆಗೆಯಬೇಕಾದಾಗ, ಆ ಕೊರತೆಯನ್ನು ತುಂಬಲು ಶರೀರದ ಬೇರೆಡೆಯಿಂದ ಅಂಗಾಂಶವನ್ನು ತರಬೇಕಾಗುವುದು. 1979ರಲ್ಲಿ ಅರಿಯಾನ್ ಎಂಬ ಶಸ್ತ್ರವೈದ್ಯ ವಿವರಿಸಿದ, ಎದೆಯ ದೊಡ್ಡ ಸ್ನಾಯುವನ್ನು ಚರ್ಮದೊಡನೆ ರಕ್ತನಾಳದ ತೊಟ್ಟಿನ ಮೇಲೆ ಕುತ್ತಿಗೆಗೆ ತಿರುಗಿಸುವ ಕ್ರಮವು ಭಾರತದ ಆಸ್ಪತ್ರೆಗಳ ಅಚ್ಚುಮೆಚ್ಚಿನ ವಿಧಾನವಾಗಿ ಉಳಿದುಬಂದಿದೆ. ಅದಕ್ಕೆ ಸೂಕ್ಷ್ಮದರ್ಶಕ ಬೇಡ, ಹೆಚ್ಚು ಹೊತ್ತು ಬೇಡ, ಸೋಲುವ ಸಂಭವವೂ ಕಡಿಮೆ. ಅದರ ಮೂಲತತ್ತ್ವ ಕಾವಸ್‌ಜಿಯ ಮೂಗಿನದೇ. ಸೂಕ್ಷ್ಮ ಶಸ್ತ್ರವೈದ್ಯ ಬೆಳೆದಂತೆ ಮುಂಗೈಯ ಚರ್ಮ, ತೊಡೆಯ ಹೊರಬದಿಯ ಚರ್ಮ, ಸಣ್ಣ ಕರುಳಿನ ತುಂಡು ಇವನ್ನು ಧಮನಿ ಸಿರೆಗಳ ಸಮೇತ ಸಂಪೂರ್ಣವಾಗಿ ಬಿಡಿಸಿ ತಂದು, ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸುವುದೂ ಸಾಧ್ಯವಾಯಿತು. ಮೊದಲೇ ವಿಕಿರಣ ಚಿಕಿತ್ಸೆಗೆ ಒಳಗಾದ ಕುತ್ತಿಗೆಯಲ್ಲಿ ಗಾಯ ಮಾಯುವುದು ನಿಧಾನ. ಹೊಲಿಗೆ ಬಿಟ್ಟು ಎಂಜಲು ಚರ್ಮಕ್ಕೆ ಸೋರುವ ತೊಂದರೆಯೂ ಅಲ್ಲಿಯೇ ಹೆಚ್ಚು. ಅಂಥವರಲ್ಲಿ ಹೊಸ ರಕ್ತವನ್ನು ತರುವ ಇಂಥ ಅಂಗಾಂಶವು ಬಹಳ ಉಪಕಾರಿ.

ಅರ್ಧಕ್ಕಿಂತ ಹೆಚ್ಚು ಶ್ವಾಸನಾಳ ಹೋದರೆ ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಉಳಿಯಿತು. ಈ ಪ್ರಶ್ನೆಯ ಸುತ್ತ ನಡೆದ ಒಂದು ದುರಂತವನ್ನು ಮರೆಮಾಚುವುದು ವಿಶ್ವಕೋಶದ ಧರ್ಮವಲ್ಲ. ಇಟಲಿಯ ಮೂಲದ ಪಾವೊಲೊ ಮಾಕ್ಕಿಯಾರಿನಿ ಎಂಬ ಶಸ್ತ್ರವೈದ್ಯನು 2011ರಲ್ಲಿ ಸ್ಟಾಕ್‌ಹೋಮಿನ ಕಾರೊಲಿನ್ಸ್ಕಾ ಆಸ್ಪತ್ರೆಯಲ್ಲಿ, ಪ್ಲಾಸ್ಟಿಕ್ಕಿನ ಕೊಳವೆಗೆ ರೋಗಿಯದೇ ಕಾಂಡಕೋಶಗಳನ್ನು ಲೇಪಿಸಿದರೆ ಅದು ಜೀವಂತ ಶ್ವಾಸನಾಳವಾಗಿ ಬೆಳೆಯುವುದೆಂದು ಸಾರಿ ಅದನ್ನು ಕೂರಿಸಿದನು. ಜಗತ್ತಿನ ಪತ್ರಿಕೆಗಳು ಅದನ್ನು ಕೊಂಡಾಡಿದವು. ರಕ್ತನಾಳವಿಲ್ಲದ ಆ ಕೊಳವೆ ಜೀವಂತವಾಗಲಿಲ್ಲ. ಆ ಆಸ್ಪತ್ರೆಯಲ್ಲಿ ಹೀಗೆ ಚಿಕಿತ್ಸೆ ಪಡೆದ ಮೂವರೂ ಕಾಲಾನಂತರ ಮೃತರಾದರು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯವು ಆತನಿಗೆ ಎರಡೂವರೆ ವರ್ಷಗಳ ಕಾರಾಗೃಹವಾಸವನ್ನು ವಿಧಿಸಿತು. ಪ್ರಾಣಿಗಳ ಮೇಲೆ ಸಿದ್ಧವಾಗದ ಒಂದು ಊಹೆಯನ್ನು ನೇರವಾಗಿ ಮನುಷ್ಯರ ಮೇಲೆ ಪ್ರಯೋಗಿಸಿದುದು ವೈದ್ಯಧರ್ಮಕ್ಕೆ ಎಸಗಿದ ದ್ರೋಹವೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಬೆಲ್ಜಿಯಮ್ಮಿನ ಲ್ಯೂವೆನ್ನಿನಲ್ಲಿ ಪಿಯರ್ ಡೆಲಾರ್ ಹಿಡಿದ ದಾರಿ ದೀರ್ಘವಾದುದು, ಆದರೆ ನೇರವಾದುದು. ಮೃತ ದಾನಿಯ ಶ್ವಾಸನಾಳವನ್ನು ಮೊದಲು ರೋಗಿಯ ಮುಂಗೈಯೊಳಗೆ ಹುದುಗಿಸಿ, ಅಲ್ಲಿ ತಿಂಗಳುಗಟ್ಟಲೆ ರೋಗಿಯ ರಕ್ತನಾಳಗಳು ಅದರೊಳಕ್ಕೆ ಬೆಳೆಯುವಂತೆ ಬಿಟ್ಟು, ತರುವಾಯ ಆ ರಕ್ತನಾಳಗಳ ಸಮೇತವಾಗಿ ಕುತ್ತಿಗೆಗೆ ವರ್ಗಾಯಿಸಿದ ವೃತ್ತಾಂತವನ್ನು ಆತ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. 2021ರ ಜನವರಿಯಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಎರಿಕ್ ಗೆಂಡನ್ ಅವರ ತಂಡವು ರಕ್ತನಾಳಗಳೊಡನೆಯೇ ದಾನಿಯ ಉದ್ದನೆಯ ಶ್ವಾಸನಾಳವನ್ನು ಕಸಿಮಾಡಿತು. ಶೀತಲೀಕರಿಸಿ ಕಾಪಿಟ್ಟ ಮಹಾಧಮನಿಯ ತುಂಡನ್ನು ಬಳಸಿದ ಫ್ರಾನ್ಸಿನ ಮಾರ್ಟಿನೊ ಅವರ ಪ್ರಯೋಗಗಳೂ ಗಮನಾರ್ಹ. ಅರ್ಬುದದ ರೋಗಿಗಳ ಮಟ್ಟಿಗೆ ಕಸಿ ಇನ್ನೂ ದೂರದ ಮಾತೇ; ಪರರ ಅವಯವವನ್ನು ಶರೀರವು ತಿರಸ್ಕರಿಸದಂತೆ ಕೊಡುವ ಔಷಧಗಳು ರೋಗನಿರೋಧಶಕ್ತಿಯನ್ನು ಕುಗ್ಗಿಸಿ, ಅಡಗಿದ್ದ ಅರ್ಬುದಕ್ಕೆ ಮತ್ತೆ ತಲೆಯೆತ್ತಲು ಅವಕಾಶವೀಯಬಹುದು.

ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರಿಗೆ ಮಾತನ್ನು ಮರಳಿಸುವುದಕ್ಕೆ ಮೂರು ದಾರಿಗಳಿವೆ. ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನಂತೆ ಹೊರಬಿಟ್ಟು ನುಡಿಯುವ ಅಭ್ಯಾಸ ಒಂದು. ಖರ್ಚಿಲ್ಲದ್ದು, ಕಲಿಯುವುದು ಕಷ್ಟ. ಕುತ್ತಿಗೆಗೆ ಒತ್ತಿ ಹಿಡಿಯುವ ವಿದ್ಯುತ್ ಯಂತ್ರ ಮತ್ತೊಂದು. ಅದರ ಧ್ವನಿ ಏಕತಾನದ್ದು. ಸಿಂಗರ್ ಮತ್ತು ಬ್ಲೋಮ್ ಎಂಬ ಅಮೆರಿಕನ್ನರು 1980ರಲ್ಲಿ ಪ್ರಕಟಿಸಿದ ಮೂರನೆಯ ವಿಧಾನದಲ್ಲಿ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಣ ಗೋಡೆಯಲ್ಲಿ ಸಣ್ಣ ರಂಧ್ರ ಮಾಡಿ ಅಲ್ಲಿ ಏಕಮುಖವಾಗಿ ತೆರೆಯುವ ಸಿಲಿಕೋನ್ ಕವಾಟವೊಂದನ್ನು ಕೂರಿಸುತ್ತಾರೆ. ಕುತ್ತಿಗೆಯ ರಂಧ್ರವನ್ನು ಬೆರಳಿನಿಂದ ಮುಚ್ಚಿದಾಗ ಉಸಿರು ಕವಾಟದ ಮೂಲಕ ಗಂಟಲಿಗೆ ಏರಿ, ಅಲ್ಲಿಯ ಗೋಡೆಗಳನ್ನು ಕಂಪಿಸಿ ಸ್ವರವಾಗುವುದು. ಶಿಲೀಂಧ್ರ ಬೆಳೆದು ಕವಾಟ ಸೋರತೊಡಗುವುದರಿಂದ ಅದನ್ನು ಕೆಲವು ತಿಂಗಳಿಗೊಮ್ಮೆ ಬದಲಾಯಿಸಬೇಕು. ವಿದೇಶದಿಂದ ಬರುವ ಕವಾಟಕ್ಕೆ ಪ್ರತಿಸಲವೂ ಸಾವಿರಾರು ರೂಪಾಯಿ. ಕೂಲಿ ಮಾಡಿ ಬದುಕುವವನು ಈ ಲೆಕ್ಕವನ್ನು ಕೇಳಿಯೇ ಮೂಕನಾಗಿ ಉಳಿಯುವನು. ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಕೈಗಾರಿಕಾ ವಿನ್ಯಾಸಕ ಶಶಾಂಕ್ ಮಹೇಶ್ ಅವರೊಡನೆ ರೂಪಿಸಿ 2015ರ ಸುಮಾರಿಗೆ ಬಳಕೆಗೆ ತಂದ ‘ಓಂ’ ಎಂಬ ಧ್ವನಿಕವಾಟದ ಬೆಲೆ ಆಗ ಸುಮಾರು 50 ರೂಪಾಯಿ ಇದ್ದಿತು. ಕರ್ನಾಟಕದಲ್ಲಿ ಈ ವಿಷಯದಲ್ಲಿ ನಡೆದ ಕಾರ್ಯಗಳಲ್ಲಿ ಇದನ್ನು ಅತ್ಯಂತ ಮಾನವೀಯವಾದುದೆಂದು ಈ ಲೇಖಕನು ಎಣಿಸುತ್ತಾನೆ.

ರಾಜ್ಯದಲ್ಲಿ ಈ ಬಗೆಯ ಶಸ್ತ್ರಕ್ರಿಯೆಗಳ ಪ್ರಧಾನ ಸರ್ಕಾರಿ ಕೇಂದ್ರವು 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ. ಟಿ. ಎಂ. ಎ. ಪೈಗಳು 1953ರಲ್ಲಿ ಸ್ಥಾಪಿಸಿದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹುಬ್ಬಳ್ಳಿ, ಮಂಗಳೂರುಗಳ ಆಸ್ಪತ್ರೆಗಳು ಕರಾವಳಿಯವರಿಗೆ ಹತ್ತಿರದವು. ಹತ್ತಿರವೆಂದರೂ ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡದ ಕಡಲತಡಿಯಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮೀರಿದ ಹಾದಿ. 2016ರಲ್ಲಿ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗಿದೆಯಾದರೂ, ಜಿಲ್ಲೆಗೆ ಸರ್ವಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂಬ ಕೂಗು 2019ರಲ್ಲಿ ಜನಾಂದೋಲನವಾಯಿತು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬ್ಯುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮಡಿದಾಗ ಅದು ಮತ್ತೆ ತೀವ್ರವಾಯಿತು. ಶಸ್ತ್ರಕ್ರಿಯೆಯ ವೆಚ್ಚವನ್ನು 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಬಡವರಿಗೆ ಬಹುಮಟ್ಟಿಗೆ ತುಂಬಿಕೊಡಬಹುದು. ಆರೇಳು ವಾರ, ವಾರಕ್ಕೆ ಐದು ದಿನದಂತೆ ನಡೆಯುವ ವಿಕಿರಣ ಚಿಕಿತ್ಸೆಗಾಗಿ ಪರವೂರಿನಲ್ಲಿ ತಂಗುವ ಖರ್ಚನ್ನೂ, ಕಳೆದುಹೋದ ದುಡಿಮೆಯನ್ನೂ ಕುಟುಂಬವೇ ಹೊರಬೇಕಾಗುವುದು. ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಮರಳುವವರ ಹಿಂದೆ ಇರುವುದು ಬಹುವೇಳೆ ಈ ದೂರವೇ.

ಕುತ್ತಿಗೆಯ ರಂಧ್ರದಿಂದ ಉಸಿರಾಡುವವರು ತಮ್ಮ ಕಸುಬಿಗೆ ಸಾಮಾನ್ಯವಾಗಿ ಮರಳಬಹುದು. ನೀರಿನ ವಿಷಯದಲ್ಲಿ ಮಾತ್ರ ಅತ್ಯಂತ ಜಾಗರೂಕರಾಗಿರಬೇಕು. ಮೂಗು ಬಾಯಿಗಳು ನೀರಿನ ಮೇಲಿದ್ದರೂ ಎದೆಮಟ್ಟದ ನೀರಿನ ಒಂದೇ ಅಲೆ ನೇರವಾಗಿ ಪುಪ್ಪುಸಕ್ಕೆ ಇಳಿಯಬಲ್ಲುದು. ಹೊನ್ನಾವರದ ಕಾಸರಕೋಡಿನ ದಕ್ಕೆಯಿಂದ ದೋಣಿಯೇರುವ ಮೀನುಗಾರನಿಗೂ, ಅಪ್ಸರಕೊಂಡದ ಅಬ್ಬಿಯ ಕೆಳಗೆ ಸ್ನಾನಕ್ಕಿಳಿಯುವ ಯಾತ್ರಿಕನಿಗೂ ಇದು ಪ್ರಾಣಾಂತಿಕ. ಬಿಡುಗಡೆಯ ಚೀಟಿಯ ಜೊತೆಗೆ ಈ ಎಚ್ಚರಿಕೆಯನ್ನು ಮನೆಯವರೆಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಿ ಕಳುಹಿಸಬೇಕು. ಮೂಗಿನ ದಾರಿಯಲ್ಲಿ ಬೆಚ್ಚಗೂ ತೇವವೂ ಆಗುತ್ತಿದ್ದ ಗಾಳಿ ಈಗ ನೇರವಾಗಿ ಒಳಹೋಗುವುದರಿಂದ, ರಂಧ್ರದ ಮೇಲೆ ತೆಳುವಾದ ಒದ್ದೆ ಬಟ್ಟೆಯನ್ನೋ ಅದಕ್ಕೆಂದೇ ಮಾಡಿದ ಶೋಧಕವನ್ನೋ ಧರಿಸುವುದು ಒಳ್ಳೆಯದು. ಇಂಥವರು ಬಸ್ಸಿನಲ್ಲಿಯೋ, ಜಾತ್ರೆಯಲ್ಲಿಯೋ, ಆಸ್ಪತ್ರೆಯ ಬಾಗಿಲಲ್ಲಿಯೋ ಎಚ್ಚರತಪ್ಪಿ ಬಿದ್ದರೆ, ಆಮ್ಲಜನಕವನ್ನಾಗಲಿ ಕೃತಕ ಉಸಿರನ್ನಾಗಲಿ ಬಾಯಿ ಮೂಗುಗಳಿಗೆ ಕೊಟ್ಟು ಪ್ರಯೋಜನವಿಲ್ಲ. ಕುತ್ತಿಗೆಯ ವಸ್ತ್ರವನ್ನು ಸರಿಸಿ, ರಂಧ್ರವನ್ನು ಶುಚಿಮಾಡಿ, ಉಸಿರನ್ನು ಅಲ್ಲಿಗೇ ಕೊಡಬೇಕೆಂಬುದನ್ನು ವಾಚಕರು ದಯಮಾಡಿ ನೆನಪಿಡಬೇಕು, ತಮ್ಮ ಊರಿನ ಆಂಬ್ಯುಲೆನ್ಸಿನ ಚಾಲಕರಿಗೂ ಆಶಾ ಕಾರ್ಯಕರ್ತೆಯರಿಗೂ ತಿಳಿಸಬೇಕು.